ಒಂದೇ ಕೈಯ ಮೂರು ಬೇಸ್ ಗಿಟಾರ್‌ಗಳು: ನಾದ, ವಿದ್ಯುತ್ತು, ಮರಗೆಲಸ (1951–1980)

ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗಳನ್ನು ತೂಗಿ ನೋಡುವವರು ಸಾಮಾನ್ಯವಾಗಿ ಮರದಿಂದ ಶುರು ಮಾಡುತ್ತಾರೆ. ಒಡಲು ಆ್ಯಶ್ ಮರದ್ದೋ ಆಲ್ಡರ್ ಮರದ್ದೋ, ಕತ್ತು ಮೇಪಲ್ಲೋ ಅಲ್ಲವೋ, ತೂಕ ಎಷ್ಟು ಎಂದೆಲ್ಲ ವಿಚಾರಿಸಿದ ಮೇಲೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನ ಮಾತು ಬರುತ್ತದೆ. ವಾದ್ಯದ ಚರಿತ್ರೆ ಈ ಸರದಿಯನ್ನು ಒಪ್ಪುವುದಿಲ್ಲ. ಪಿಕಪ್ ಎಲ್ಲಿ ಕೂತಿದೆ, ಅದರ ಸುರುಳಿಗಳ ಜೋಡಣೆ ಹೇಗಿದೆ, ಅದರ ಮೇಲೆ ಬಿಗಿದ ತಂತಿ ಯಾವುದು ಎಂಬ ಮೂರು ಸಂಗತಿಗಳೇ ನಾದದ ಬಹುಪಾಲನ್ನು ತೀರ್ಮಾನಿಸಿವೆ. ಮರಗೆಲಸದ ಪಾಲು ಬೇರೆ ಕಡೆ ಇದೆ: ವಾದ್ಯ ಎಲ್ಲ ಸ್ವರಗಳಲ್ಲೂ ಸಮನಾಗಿ ನುಡಿಯುತ್ತದೆಯೇ ಇಲ್ಲವೇ ಎಂಬುದು ಅದರ ಕೈಯಲ್ಲಿದೆ. ಈ ವಾದವನ್ನು ಒರೆಗೆ ಹಚ್ಚಲು ಮೂರು ವಾದ್ಯಗಳನ್ನು ಆರಿಸಿದ್ದೇನೆ: ಪ್ರಿಸಿಷನ್, ಜಾಝ್ ಮತ್ತು ಸ್ಟಿಂಗ್‌ರೇ. ಮೂರರ ಹಿಂದೆಯೂ ಲಿಯೋ ಫೆಂಡರ್ ಎಂಬ ಒಬ್ಬನೇ ಮನುಷ್ಯನಿದ್ದಾನೆ. ಮೂರರಲ್ಲೂ ತಂತಿಯ ನುಡಿಯುವ ಉದ್ದ 34 ಅಂಗುಲ, ಮೂರರಲ್ಲೂ ಕತ್ತನ್ನು ಒಡಲಿಗೆ ತಿರುಪುಗಳಿಂದ ಬಿಗಿಯಲಾಗಿದೆ. ಇಷ್ಟು ಸಮಾನವಾಗಿರುವುದರಿಂದ ಉಳಿದ ವ್ಯತ್ಯಾಸಗಳು ಕಣ್ಣಿಗೆ ಹೊಡೆಯುತ್ತವೆ.

ವಿದ್ಯುತ್ ಬೇಸ್‌ನ ಮೊದಲ ಯತ್ನ ಫೆಂಡರ್‌ನದಲ್ಲ. ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಆಡಿಯೋವಾಕ್ಸ್ 736 ಎಂಬ, ಮೆಟ್ಟಿಲುಗಳಿದ್ದ ಗಟ್ಟಿ ಒಡಲಿನ ಬೇಸ್ ತಯಾರಿಸಿ ಮಾರಿದ್ದ. ಕೊಳ್ಳುವವರು ಹೆಚ್ಚು ಸಿಗಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್‌ನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದಿದ್ದ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆತ ಕೆಟ್ಟ ಸಲಕರಣೆಗಳನ್ನು ಬಿಚ್ಚಿ ನೋಡಿ ಕಲಿತವನು, ವಾದ್ಯವನ್ನೂ ಹಾಗೆಯೇ ನೋಡಿದ: ಯಾವುದು ಬೇಗ ಕೆಡುತ್ತದೆ, ಕೆಟ್ಟರೆ ಹೇಗೆ ಬದಲಿಸಬೇಕು? ಕತ್ತನ್ನು ಅಂಟಿನ ಬದಲು ತಿರುಪಿನಿಂದ ಬಿಗಿದದ್ದು ಆ ಯೋಚನೆಯ ಫಲ. 1951ರ ಕೊನೆಗೆ ಬಂದ ಪ್ರಿಸಿಷನ್ ಬೇಸ್‌ಗೆ 20 ಮೆಟ್ಟಿಲುಗಳು, ಚಪ್ಪಟೆ ಹಲಗೆಯಂಥ ಒಡಲು, ನಾಲ್ಕು ತಂತಿಗೆ ನಾಲ್ಕೇ ಕಾಂತದ ಕಡ್ಡಿಗಳಿದ್ದ ಒಂದು ಸುರುಳಿಯ ಪಿಕಪ್. ಲಯೊನೆಲ್ ಹ್ಯಾಂಪ್ಟನ್‌ನ ವಾದ್ಯವೃಂದದಲ್ಲಿದ್ದ ಮಾಂಕ್ ಮಾಂಟ್‌ಗೊಮರಿ ಅದನ್ನು ಊರೂರಿಗೆ ಹೊತ್ತೊಯ್ದ.

ಆ ಕಾಲದ ನಾದವನ್ನು ಅಳೆಯುವಾಗ ಸ್ಪೀಕರನ್ನು ಮರೆಯುವಂತಿಲ್ಲ. ಬೇಸ್‌ನ ಅತಿ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಈ ವಾದ್ಯಕ್ಕೆಂದೇ ಫೆಂಡರ್ 1952ರಲ್ಲಿ ತಂದ ಬಾಸ್‌ಮನ್ ಆಂಪ್ಲಿಫಯರ್‌ನಲ್ಲಿದ್ದದ್ದು 15 ಅಂಗುಲದ ಒಂದೇ ಸ್ಪೀಕರ್. ಅದರಿಂದ ಮೂಲಕಂಪನ ತುಂಬು ಬಲದಲ್ಲಿ ಹೊರಬರುವುದು ಕಷ್ಟ. ಕೇಳುಗನ ಕಿವಿಗೆ ಮುಟ್ಟುವುದು ಅದರ ಎರಡು ಪಟ್ಟು, ಮೂರು ಪಟ್ಟಿನ ಉಪಸ್ವರಗಳು. ಕೆಳಗಿನ ಸ್ವರವನ್ನು ಮಿದುಳೇ ಊಹಿಸಿಕೊಂಡು ತುಂಬುತ್ತದೆ. 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳಲ್ಲಿ ಇಳಯರಾಜ ಕೂರಿಸಿದ ಬೇಸ್ ನಡೆಗಳನ್ನು ಅಂಗೈಯಗಲದ ಟ್ರಾನ್ಸಿಸ್ಟರ್‌ನಲ್ಲೂ ಗುನುಗಿಕೊಳ್ಳಲು ಆಗುತ್ತಿದ್ದದ್ದು ಇದೇ ಕಾರಣಕ್ಕೆ. ಹೀಗಾಗಿ ಬೇಸ್‌ನ ನಾದ ಎಂದಾಗ ನಾವು ಮಾತಾಡುತ್ತಿರುವುದು ಬಹುಮಟ್ಟಿಗೆ ಉಪಸ್ವರಗಳ ಬಗ್ಗೆ. ಅವುಗಳಲ್ಲಿ ಯಾವುದು ಹಿಗ್ಗಬೇಕು, ಯಾವುದು ಕುಗ್ಗಬೇಕು ಎಂಬುದನ್ನು ಪಿಕಪ್ ಇರುವ ಜಾಗ ಗೊತ್ತುಮಾಡುತ್ತದೆ. ತಂತಿಯ ಯಾವ ಬಿಂದುವಿನಲ್ಲಿ ಒಂದು ಉಪಸ್ವರ ಅಲುಗದೆ ನಿಂತಿರುತ್ತದೋ ಅಲ್ಲಿ ಕೂತ ಪಿಕಪ್ಪಿಗೆ ಆ ಉಪಸ್ವರ ಕೇಳಿಸುವುದೇ ಇಲ್ಲ.

1957ರ ಬದಲಾವಣೆ ಈ ಚರಿತ್ರೆಯ ನಡುಗಂಬ. ಫೆಂಡರ್ ಪಿಕಪ್ಪನ್ನು ಎರಡು ತುಂಡು ಮಾಡಿ, ಇ ಮತ್ತು ಎ ತಂತಿಗಳ ತುಂಡನ್ನು ಕತ್ತಿನ ಕಡೆಗೂ ಡಿ ಮತ್ತು ಜಿ ತಂತಿಗಳ ತುಂಡನ್ನು ಒಡಲ ಮೇಲೆ ತಂತಿಗಳನ್ನು ಹೊತ್ತ ಸೇತುವೆಯ ಕಡೆಗೂ ಸರಿಸಿದ. ಎರಡು ತುಂಡುಗಳ ಕಾಂತಧ್ರುವ ಪರಸ್ಪರ ವಿರುದ್ಧ, ಸುರುಳಿ ಸುತ್ತಿದ ದಿಕ್ಕೂ ವಿರುದ್ಧ. ತಂತಿಯ ಸಂಕೇತದ ಮಟ್ಟಿಗೆ ಎರಡು ವಿರೋಧಗಳು ಒಂದನ್ನೊಂದು ಸರಿದೂಗಿಸುತ್ತವೆ, ಅದು ಹಾಗೇ ಉಳಿಯುತ್ತದೆ. ಹೊರಗಿನ ವಿದ್ಯುತ್ ತಂತಿಗಳಿಂದ ನುಸುಳುವ ಹಮ್‌ಗೆ ಕಾಂತದ ಹಂಗಿಲ್ಲದ್ದರಿಂದ ಅದು ಮಾತ್ರ ರದ್ದಾಗುತ್ತದೆ. ಇದು ಸಣ್ಣ ಲಾಭವಲ್ಲ. ಅಮೆರಿಕದ ಮನೆ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಇ ತಂತಿಯ ಮೂರನೆಯ ಮೆಟ್ಟಿಲಿನ ಜಿ ಸ್ವರ 49 ಹರ್ಟ್ಸ್. ಅಂದರೆ ಬೆಂಗಳೂರಿನ ವೇದಿಕೆಯಲ್ಲಿ ಒಂದೇ ಸುರುಳಿಯ ಬೇಸ್ ಹಿಡಿದವನು ಆ ಸ್ವರವನ್ನು ಎಳೆದರೆ ಹಮ್ ಅದರೊಡನೆ ಸೇರಿ ಸೆಕೆಂಡಿಗೊಮ್ಮೆ ತೂಗಾಡುತ್ತದೆ. ಗಿಟಾರ್‌ನಲ್ಲಿ ಹಮ್ ಬರೀ ಕಿರಿಕಿರಿ. ಬೇಸ್‌ನಲ್ಲಿ ಅದು ಸ್ವರಗಳ ನಡುವೆಯೇ ಕೂತಿರುತ್ತದೆ. ಇದೇ ತಿದ್ದುಪಡಿಯಲ್ಲಿ ಕಡ್ಡಿಗಳು ಎಂಟಾದವು. ತಂತಿ ಒಂದು ಕಡ್ಡಿಯ ನೆತ್ತಿಯ ಮೇಲೆ ಹಾಯುವ ಬದಲು ಎರಡರ ನಡುವೆ ಹಾಯತೊಡಗಿ, ಮೀಟಿನ ಮೊದಲ ಪೆಟ್ಟಿನ ಚೂಪು ಇಳಿಯಿತು, ಸ್ಪೀಕರ್‌ಗಳು ಬದುಕಿಕೊಂಡವು.

1960ರ ಜಾಝ್ ಬೇಸ್‌ನಲ್ಲಿ ಎರಡು ಪಿಕಪ್‌ಗಳು, ಒಂದೊಂದಕ್ಕೂ ಎಂಟು ಕಡ್ಡಿ. ಕತ್ತಿನ ಮೇಲ್ತುದಿಯಲ್ಲಿ, ನಟ್ಟಿನ ಬಳಿ, ಅದರ ಅಗಲ ಪ್ರಿಸಿಷನ್‌ನ ಒಂದೂಮುಕ್ಕಾಲು ಅಂಗುಲದಿಂದ ಒಂದೂವರೆಗೆ ಇಳಿಯಿತು. ಎರಡೂ ಪಿಕಪ್‌ಗಳನ್ನು ಪೂರ್ತಿ ತೆರೆದರೆ ಹಮ್ ಅಡಗುತ್ತದೆ. ಜೊತೆಗೆ ಒಂದೇ ತಂತಿಯನ್ನು ಎರಡು ಜಾಗದಲ್ಲಿ ಆಲಿಸುವುದರಿಂದ ನಡುವಣ ಕೆಲವು ಉಪಸ್ವರಗಳು ಒಂದನ್ನೊಂದು ತಿಂದು ನಾದ ನಡುವಿನಲ್ಲಿ ತಗ್ಗುತ್ತದೆ. ಒಂದನ್ನು ಮಾತ್ರ ತೆರೆದರೆ ಹಮ್ ವಾಪಸು. ಜಾಕೊ ಪಾಸ್ಟೋರಿಯಸ್ ಮೆಟ್ಟಿಲಿಲ್ಲದ ತನ್ನ ಜಾಝ್ ಬೇಸ್‌ನಲ್ಲಿ ಸೇತುವೆ ಪಕ್ಕದ ಪಿಕಪ್ಪನ್ನೇ ನೆಚ್ಚಿಕೊಂಡ. ಅವನ ಮೂಗಿನಿಂದ ಹೊರಟಂಥ ಆ ದನಿ ಹುಟ್ಟುವುದು ಅಲ್ಲಿಯೇ. 1970ರ ದಶಕದಲ್ಲಿ ಕಂಪನಿ ಆ ಪಿಕಪ್ಪನ್ನು ಬೆರಳಗಲಕ್ಕೂ ಕಡಿಮೆ ಸೇತುವೆಯತ್ತ ಸರಿಸಿತು. ಅಷ್ಟರಿಂದಲೇ ಅರವತ್ತರ ಜಾಝ್ ಬೇರೆ, ಎಪ್ಪತ್ತರ ಜಾಝ್ ಬೇರೆ ಎಂದು ಆಟಗಾರರು ಗುರುತಿಸತೊಡಗಿದರು. ಮರದ ವಾದಿಗಳು ಈ ಸಂಗತಿಗೆ ತೃಪ್ತಿಕರ ಉತ್ತರ ಕೊಟ್ಟದ್ದನ್ನು ನಾನು ಓದಿಲ್ಲ.

ತಂತಿಯ ವಿಷಯದಲ್ಲಿ ಎರಡು ಹೆಸರು ಸಾಕು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ಗೆ ಚಪ್ಪಟೆ ಸುತ್ತಿನ ದಪ್ಪ ತಂತಿ ಹಾಕಿ, ಸೇತುವೆಯ ಮುಚ್ಚಳದಡಿ ಸ್ಪಂಜು ಉಳಿಸಿಕೊಂಡು, ಬಲಗೈಯ ತೋರುಬೆರಳೊಂದರಿಂದ ನುಡಿಸಿದ. ಲಂಡನ್‌ನ ಜಾನ್ ಎಂಟ್‌ವಿಸಲ್ 1966ರಲ್ಲಿ ರೋಟೊಸೌಂಡ್ ಕಂಪನಿಯೊಡನೆ ಸೇರಿ ದುಂಡು ಸುತ್ತಿನ ತಂತಿಯನ್ನು ಬಳಕೆಗೆ ತಂದ. ಅದರಲ್ಲಿ ಬೇಸ್ ಪಿಯಾನೊದ ಹಾಗೆ ಗಣಗಣಿಸಿತು. ಒಂದೇ ಪ್ರಿಸಿಷನ್ನಿಗೆ ಈ ಎರಡು ತಂತಿಗಳನ್ನು ಒಂದಾದ ಮೇಲೊಂದು ಹಾಕಿ ಕೇಳಿದರೆ ಆ್ಯಶ್–ಆಲ್ಡರ್ ಜಗಳ ಬಹಳ ಸಣ್ಣದಾಗಿ ಕಾಣುತ್ತದೆ.

ಫೆಂಡರ್ 1965ರ ಜನವರಿಯಲ್ಲಿ ಕಂಪನಿಯನ್ನು ಪ್ರಸಾರ ಸಂಸ್ಥೆ ಸಿಬಿಎಸ್‌ಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಸ್ಪರ್ಧೆಗಿಳಿಯಬಾರದೆಂಬ ಮಾರಾಟದ ಕಟ್ಟುಪಾಡಿನ ಅವಧಿ ಮುಗಿದ ಮೇಲೆ ಫಾರೆಸ್ಟ್ ವೈಟ್ ಮತ್ತು ಟಾಮ್ ವಾಕರ್ ಕಟ್ಟಿದ್ದ ಮ್ಯೂಸಿಕ್ ಮ್ಯಾನ್‌ನ ಮುಖ್ಯಸ್ಥನಾಗಿ ಹೊರಗೆ ಬಂದ. 1976ರ ಸ್ಟಿಂಗ್‌ರೇ ಆ ಕೂಟದ ಬೇಸ್. ದೊಡ್ಡ ಕಡ್ಡಿಗಳ ಒಂದೇ ಪಿಕಪ್ ಸೇತುವೆಯ ಕಡೆಗಿತ್ತು. ಅದರ ಎರಡು ಸುರುಳಿಗಳನ್ನು ಪ್ರಿಸಿಷನ್‌ನಂತೆ ಸರಣಿಯಲ್ಲಿ ಸೇರಿಸದೆ ಸಮಾಂತರವಾಗಿ ಸೇರಿಸಿದ್ದರು. ಇಂಡಕ್ಟೆನ್ಸ್ ಇಳಿದು ಮೇಲಿನ ಉಪಸ್ವರಗಳು ಹೊರಬಂದವು. ಒಳಗೆ ವಾಕರ್ ವಿನ್ಯಾಸದ ಪ್ರೀಆಂಪ್, ಅದಕ್ಕೊಂದು 9 ವೋಲ್ಟ್ ಬ್ಯಾಟರಿ. ಬ್ಯಾಟರಿಯ ಬೇಸ್ ಹೊಸದೇನಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಅಲೆಂಬಿಕ್‌ನವರು ಆಗಲೇ ಅದನ್ನು ಮಾಡುತ್ತಿದ್ದರು, ಆದರೆ ಒಂದೊಂದಾಗಿ, ಹಣವಂತರಿಗೆ. ಸ್ಟಿಂಗ್‌ರೇ ಅದನ್ನು ಕಾರ್ಖಾನೆಯ ಸಾಲಿಗೆ ತಂದಿತು.

ಪ್ರೀಆಂಪ್‌ನ ನಿಜವಾದ ಉಪಕಾರ ನಾದವನ್ನು ಹಿಗ್ಗಿಸುವುದಷ್ಟೇ ಅಲ್ಲ. ಬ್ಯಾಟರಿಯಿಲ್ಲದ ಬೇಸ್‌ನಲ್ಲಿ ಪಿಕಪ್ಪಿನ ಸಾವಿರಾರು ಸುತ್ತುಗಳು, 250 ಕಿಲೋಓಮ್‌ನ ತಿರುಗುಗುಂಡಿ, ಆಂಪ್‌ವರೆಗಿನ ಕೇಬಲ್ಲು ಎಲ್ಲ ಸೇರಿ ಒಂದೇ ಸರ್ಕಿಟ್. ಕೇಬಲ್ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಮೇಲಿನ ಸ್ವರಗಳನ್ನು ನುಂಗುತ್ತದೆ; ಟೋನ್ ಗುಂಡಿಗೆ ಇರುವುದನ್ನು ಕಳೆಯಲು ಬರುತ್ತದೆಯೇ ಹೊರತು ಕೂಡಿಸಲು ಬರುವುದಿಲ್ಲ. ಪ್ರೀಆಂಪ್ ಪಿಕಪ್ಪನ್ನು ಕೇಬಲ್ಲಿನಿಂದ ಬಿಡಿಸಿತು. ಸ್ಟಿಂಗ್‌ರೇ ನುಡಿಸಿದ ಲೂಯಿಸ್ ಜಾನ್ಸನ್‌ನ ಹೆಬ್ಬೆರಳ ಹೊಡೆತ, ಶೀಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್‌ನ ಚುರುಕು ನಡೆ ದೊಡ್ಡ ಸಭಾಂಗಣದಲ್ಲೂ ಮಸುಕಾಗದಿದ್ದದ್ದಕ್ಕೆ ಇದೂ ಒಂದು ಕಾರಣ. ಬ್ಯಾಟರಿ ನಡುವೆ ಸತ್ತರೆ ವಾದ್ಯ ಮೂಕ, ಅದು ಬೇರೆ ಮಾತು.

ಇನ್ನು ಮರಗೆಲಸ. ಸಿಬಿಎಸ್ ಕಾಲದ ಜಾಝ್ ಬೇಸ್‌ಗೆ ಕೆಟ್ಟ ಹೆಸರು ತಂದದ್ದು ಕತ್ತಿನ ಮೂರು ತಿರುಪು. ಮೊದಲಿದ್ದ ನಾಲ್ಕನ್ನು ಮೂರಕ್ಕಿಳಿಸಿದ್ದೇ ತಪ್ಪು ಎಂದು ಎಲ್ಲ ಕಡೆ ಬರೆಯುತ್ತಾರೆ. ಮೊದಲ ಸ್ಟಿಂಗ್‌ರೇಗಳಲ್ಲೂ ಮೂರೇ ತಿರುಪು. ಇಂದು ಸಂಗ್ರಾಹಕರು ಅವನ್ನೇ ಹುಡುಕಿ ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಹಾಗಾದರೆ ದೋಷ ತಿರುಪಿನ ಎಣಿಕೆಯಲ್ಲಿಲ್ಲ, ಕತ್ತು ಕೂರುವ ಗುಳಿಯನ್ನು ಎಷ್ಟು ನಿಖರವಾಗಿ ಕೊರೆದಿದ್ದಾರೆ ಎಂಬುದರಲ್ಲಿದೆ. ಗುಣಮಟ್ಟ ಎಂದು ನಾವು ಕರೆಯುವುದು ಹೆಚ್ಚಾಗಿ ಇಂಥ ಸಡಿಲ–ಬಿಗಿಯ ಲೆಕ್ಕ. ಕತ್ತಿಗೆ ಇನ್ನೊಂದು ಗುಟ್ಟಿದೆ. ಜಿ ತಂತಿಯ ಐದರಿಂದ ಏಳನೆಯ ಮೆಟ್ಟಿಲ ಆಸುಪಾಸಿನಲ್ಲಿ ಅನೇಕ ಫೆಂಡರ್ ಬೇಸ್‌ಗಳ ಸ್ವರ ಬೇಗ ಸಾಯುತ್ತದೆ. ಜರ್ಮನಿಯ ಹೆಲ್ಮುಟ್ ಫ್ಲೈಷರ್ 1990ರ ದಶಕದಲ್ಲಿ ಅಳೆದು ತೋರಿಸಿದಂತೆ, ಅಲ್ಲಿ ತಂತಿಯ ಶಕ್ತಿಯನ್ನು ಹೀರುವುದು ಕತ್ತಿನ ಸ್ವಂತ ಕಂಪನ. ಸ್ಟಿಂಗ್‌ರೇಯ ತಲೆ ಚಿಕ್ಕದು, ಕಿವಿಗಳು ಒಂದು ಬದಿಗೆ ಮೂರು, ಇನ್ನೊಂದಕ್ಕೆ ಒಂದು. ತುದಿಯ ಭಾರ ಬದಲಾದರೆ ಆ ಕಂಪನವೂ ಜಾಗ ಬದಲಿಸುತ್ತದೆ. ನೆಡ್ ಸ್ಟೈನ್‌ಬರ್ಗರ್ 1980ರ ಹೊತ್ತಿಗೆ ತಲೆಯನ್ನೇ ಕತ್ತರಿಸಿ, ಮರ ಬಿಟ್ಟು ಕಾರ್ಬನ್ ನಾರಿನ ಮಿಶ್ರಣದಲ್ಲಿ ಬೇಸ್ ಎರಕ ಹೊಯ್ದ. ಸ್ವರಗಳು ಸಮನಾದವು. ಅದಕ್ಕೆ ಜೀವವಿಲ್ಲ ಎಂದು ದೂರಿದವರೂ ಇದ್ದರು.

ಮರದ ಮಾತಿನಲ್ಲಿ ನಮ್ಮ ನಾಡಿಗೂ ಒಂದು ಎಳೆಯಿದೆ. ಫೆಂಡರ್ 1959ರಿಂದ ಬೇಸ್‌ಗಳ ಬೆರಳುಹಲಗೆಗೆ ರೋಸ್‌ವುಡ್ ಬಳಸಿದ, ಮೊದಲು ಬ್ರೆಜಿಲ್‌ನದು, ಅರವತ್ತರ ದಶಕದ ನಡುವಿನಿಂದ ಭಾರತದ್ದು. ಭಾರತದ ರೋಸ್‌ವುಡ್ ಎಂದರೆ ಕೊಡಗು, ಮಲೆನಾಡಿನವರ ಬೀಟೆ. 2017ರ ಜನವರಿಯಲ್ಲಿ ಆ ಇಡೀ ಕುಲ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಾಗ ಗಿಟಾರ್ ಕಂಪನಿಗಳು ಬೇರೆ ಮರಗಳನ್ನು ಹುಡುಕಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ನಡುವಿನ ವರ್ಷಗಳಲ್ಲಿ ಬೀಟೆಯಿಲ್ಲದೆ ಬಂದ ಬೇಸ್‌ಗಳನ್ನು ಕಣ್ಣು ಕಟ್ಟಿ ಕೇಳಿದರೆ ಎಷ್ಟು ಜನ ಗುರುತಿಸಿಯಾರು?

ಮ್ಯೂಸಿಕ್ ಮ್ಯಾನ್‌ನೊಡನೆ ಮನಸ್ತಾಪವಾಗಿ ಫೆಂಡರ್ ಹಳೆಯ ಗೆಳೆಯ ಜಾರ್ಜ್ ಫುಲರ್ಟನ್ ಜೊತೆ ಜಿ ಆ್ಯಂಡ್ ಎಲ್ ಕಂಪನಿ ಕಟ್ಟಿದ. ಅಲ್ಲಿಂದ ಬಂದ ಎಲ್–2000 ಬೇಸ್‌ನ ಮುಖದ ಮೇಲೆ ಮೂರು ಪುಟ್ಟ ಸ್ವಿಚ್ಚುಗಳು. ಒಂದು ಯಾವ ಪಿಕಪ್ ಎಂದು ಆರಿಸಲು, ಒಂದು ಸುರುಳಿಗಳನ್ನು ಸರಣಿಗೋ ಸಮಾಂತರಕ್ಕೋ ಹಾಕಲು, ಮತ್ತೊಂದು ಬ್ಯಾಟರಿಯ ಪ್ರೀಆಂಪನ್ನು ಸೇರಿಸಲು ಅಥವಾ ಬಿಡಲು. ಪಿಕಪ್ಪಿನ ಜಾಗ, ಸುರುಳಿಯ ಜೋಡಣೆ, ಬ್ಯಾಟರಿ: ಮೂರು ದಶಕಗಳಲ್ಲಿ ಮೂರು ಬೇಸ್‌ಗಳಲ್ಲಿ ಒಂದೊಂದಾಗಿ ಬದಲಿಸಿ ನೋಡಿದ್ದನ್ನು ಫೆಂಡರ್ ನುಡಿಸುವವನ ಬೆರಳತುದಿಗೆ ಒಪ್ಪಿಸಿಬಿಟ್ಟ. ಮರಕ್ಕೆ ಅಲ್ಲಿ ಸ್ವಿಚ್ ಇರಲಿಲ್ಲ.