ಶಾಲೆಯ ಗೋಡೆಯಾಚೆಯ ಕಲಿಕೆ: ದಾದರ್, ಬೋರ್ಡಿ ಮತ್ತು ಪುತ್ತೂರಿನ ಬಾಲವನ

ಮಕ್ಕಳನ್ನು ಶಾಲೆಗೆ ಸೇರಿಸದೆ, ಇಲ್ಲವೇ ಸೇರಿಸಿದ ಶಾಲೆಯಿಂದ ಬಿಡಿಸಿ, ಮಣ್ಣು, ಮರ, ನೂಲು, ಬಟ್ಟೆ, ಅಡುಗೆ, ತೋಟ ಎಂದು ಕೈಕೆಲಸಗಳ ಮೂಲಕ ಮನೆಯಲ್ಲೇ ಕಲಿಸುವ ತಂದೆತಾಯಂದಿರು ಮುಂಬಯಿಯಲ್ಲಿ ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಇದಕ್ಕೆ ‘ಅನ್‌ಸ್ಕೂಲಿಂಗ್’ ಎಂಬ ಹೆಸರಿದೆ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ 1977ರಲ್ಲಿ ತಾವು ಆರಂಭಿಸಿದ ಪತ್ರಿಕೆಯ ಮೂಲಕ ಈ ಪದವನ್ನು ಬಳಕೆಗೆ ತಂದರು. ಪದ ಹೊರಗಿನದು, ನಿಜ. ಆದರೆ ಅದಕ್ಕೂ ನಾಲ್ಕು ದಶಕ ಮೊದಲೇ ನಮ್ಮ ದಾದರ್‌ನಲ್ಲಿ ಮತ್ತು ನಮ್ಮ ಊರ ಕಡೆಯ ಪುತ್ತೂರಿನಲ್ಲಿ ಇಂಥ ವಿಚಾರ ಕೆಲಸಕ್ಕೆ ಇಳಿದಿತ್ತು. ಆ ಇತಿಹಾಸವನ್ನು ನಮ್ಮ ಮಹಿಳಾ ವಿಭಾಗದ ಸೋದರಿಯರೊಂದಿಗೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ಲೇಖನ.

ಮುಂಬಯಿ ಕನ್ನಡಿಗರಿಗೆ ‘ಶಾಲೆ ಬೇಡ’ ಎಂಬ ಮಾತು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೆ ಕಾರಣವಿದೆ. ಕರಾವಳಿಯಿಂದ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳು ಈ ನಗರದ ಕನ್ನಡ ಬದುಕಿನ ಹೆಮ್ಮೆಯ ಅಧ್ಯಾಯ. ನನ್ನ ತಂದೆಯೂ ಹಾಗೆಯೇ ಕಲಿತವರು. ಪರಿಚಯದ ಮನೆಯೊಂದರಲ್ಲಿ ಮಗುವನ್ನು ಶಾಲೆ ಬಿಡಿಸಿದ ಸುದ್ದಿ ಹೇಳಿದಾಗ ಅವರು, “ನಾವು ಶಾಲೆಯ ಬಾಗಿಲು ಯಾವಾಗ ತೆರೆದೀತೆಂದು ಕಾದವರು ಮಗಳೇ. ಇವರು ಒಳಗೆ ಹೋದವರನ್ನೇ ಹೊರಗೆ ಕರೆಯುತ್ತಾರಲ್ಲ!” ಎಂದಿದ್ದರು. ಅವರ ಕೈಗೆ ಕೆಲಸ ಬೇಕಾದಷ್ಟಿತ್ತು, ಅಕ್ಷರಕ್ಕೆ ಹಸಿವಿತ್ತು. ಇಂದಿನ ಫ್ಲಾಟಿನ ಮಕ್ಕಳಿಗೆ ಅಕ್ಷರ ಬೇಕಾದಷ್ಟಿದೆ, ಕೈಗೆ ಕೆಲಸವಿಲ್ಲ. ಈ ಎರಡನ್ನೂ ಕೂಡಿಸುವುದು ಹೇಗೆ ಎಂದು ಯೋಚಿಸಿದವರಲ್ಲಿ ಒಬ್ಬರು ಮುಂಬಯಿಯಲ್ಲೇ ಹುಟ್ಟಿದ ಮಹಿಳೆ.

ಅವರೇ ತಾರಾಬಾಯಿ ಮೋಡಕ್ (1892–1973). ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದ ಅವರು ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜತೆ ಬಾಲಶಿಕ್ಷಣದ ಪ್ರಯೋಗಗಳಲ್ಲಿ ತೊಡಗಿದರು. ಹೊಡೆತ, ಬಾಯಿಪಾಠಗಳಿಲ್ಲದೆ ಮಗು ತಾನಾಗಿ ಮುಟ್ಟಿ, ಮಾಡಿ, ಕಲಿಯಬೇಕು ಎಂಬ ಮಾಂಟೆಸ್ಸರಿ ವಿಚಾರವನ್ನು ಅವರಿಬ್ಬರೂ ನಮ್ಮ ಮಣ್ಣಿಗೆ ಒಗ್ಗಿಸಿದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಬಳಿಕ ಮುಂಬಯಿಗೆ ಮರಳಿದ ತಾರಾಬಾಯಿಯವರು 1936ರಲ್ಲಿ ದಾದರ್‌ನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಮರಿಯಾ ಮಾಂಟೆಸ್ಸರಿಯವರು ಭಾರತಕ್ಕೆ ಬಂದದ್ದು 1939ರಲ್ಲಿ ಎಂಬುದನ್ನು ನೆನೆದರೆ ತಾರಾಬಾಯಿಯವರು ಎಷ್ಟು ಮುಂದಿದ್ದರೆಂದು ತಿಳಿಯುತ್ತದೆ.

ಆದರೆ ನಗರದ ಅನುಕೂಲಸ್ಥರ ಮಕ್ಕಳಿಗಷ್ಟೇ ಈ ಕಲಿಕೆ ಸಾಕೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1945ರಲ್ಲಿ ಅವರು ಬೋರ್ಡಿಗೆ ಹೋದರು. ಆಗಿನ ಠಾಣೆ ಜಿಲ್ಲೆಯ, ಈಗಿನ ಪಾಲ್ಘರ್ ಜಿಲ್ಲೆಯ ಊರದು. ಮಾಂಟೆಸ್ಸರಿ ಶಾಲೆಯ ದುಬಾರಿ ಸಲಕರಣೆಗಳು ಅಲ್ಲಿ ಎಲ್ಲಿಂದ ಬರಬೇಕು? ಚಿಪ್ಪು, ಬೀಜ, ಕಲ್ಲು, ಎಲೆ, ಹೂಗಳೇ ಎಣಿಸುವ, ಜೋಡಿಸುವ, ಬಣ್ಣ ಗುರುತಿಸುವ ಸಾಮಗ್ರಿಗಳಾದವು. ಬಡ ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಇಂದು ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಕೇಳಿಬರುವ ‘ಅಂಗನವಾಡಿ’ ಎಂಬ ಪದದ ಬೇರು ಇಲ್ಲಿದೆ. ಕೇಂದ್ರ ಸರಕಾರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು ಅದೆಷ್ಟೋ ಕಾಲದ ಮೇಲೆ, 1975ರಲ್ಲಿ. ತಾರಾಬಾಯಿಯವರ ಜತೆಗಾತಿ ಅನುತಾಯಿ ವಾಘ್ ಮುಂದೆ ಕೋಸ್‌ಬಾಡದ ಗುಡ್ಡದಲ್ಲಿ ಈ ಕೆಲಸ ಮುಂದುವರಿಸಿ, ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಆ ಮಕ್ಕಳನ್ನು ದುಡಿಮೆಯಿಂದ ಕಿತ್ತು ತಂದು ಕೂರಿಸುವುದು ಸಾಧ್ಯವಿರಲಿಲ್ಲ. ದುಡಿಮೆ ಇರುವಲ್ಲಿಗೇ ಅಕ್ಷರವನ್ನು ಒಯ್ದರು.

ಇದೇ ಕಾಲದಲ್ಲಿ ಗಾಂಧೀಜಿ ಕೈಕೆಲಸವನ್ನು ದೇಶದ ಶಿಕ್ಷಣದ ನಡುಮನೆಗೆ ತಂದರು. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯ ಮಾಧ್ಯಮ ಮತ್ತು ಒಂದು ಕೈಕಸುಬಿನ ಸುತ್ತ ಹೆಣೆದ ಪಾಠಕ್ರಮಕ್ಕೆ ಒಪ್ಪಿಗೆ ದೊರೆಯಿತು. ಪಠ್ಯ ರೂಪಿಸುವ ಹೊಣೆ ಜಾಕಿರ್ ಹುಸೇನರ ಸಮಿತಿಗೆ ಬಂತು. ನೂಲುವ ಮಗು ನೂಲಿನ ಉದ್ದ ಅಳೆಯುತ್ತ ಗಣಿತವನ್ನೂ ಹತ್ತಿ ಬೆಳೆಯುವ ನೆಲ ಯಾವುದೆಂದು ಕೇಳುತ್ತ ಭೂಗೋಳವನ್ನೂ ಕಲಿಯಬೇಕೆಂಬುದು ಇದರ ತಿರುಳು. ಮಕ್ಕಳ ಕೆಲಸದ ಉತ್ಪನ್ನದಿಂದಲೇ ಶಾಲೆಯ ಖರ್ಚು ಹೊರಡಬೇಕೆಂಬ ಅಂಶಕ್ಕೆ ಮಾತ್ರ ಆಗಲೇ ಟೀಕೆ ಬಂತು. ಇದು ಮಕ್ಕಳ ದುಡಿಮೆಯಾಗದೇ ಎಂದು ಕೇಳಿದವರ ಆತಂಕ, ರಾತ್ರಿಶಾಲೆಯ ಹುಡುಗರನ್ನು ಕಂಡ ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಕನ್ನಡ ನಾಡಿಗೆ ಬರೋಣ. ಡಾ. ಶಿವರಾಮ ಕಾರಂತರು ಪುತ್ತೂರಿನ ತಮ್ಮ ಬಾಲವನದಲ್ಲಿ ಕುಣಿತ, ನಾಟಕ, ಚಿತ್ರ, ಪ್ರಕೃತಿಯ ಒಡನಾಟಗಳ ಮೂಲಕ ಮಕ್ಕಳು ಕಲಿಯಲಿ ಎಂದು ಪ್ರಯೋಗ ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕನ್ನಡದ ಮಕ್ಕಳ ಕೈಗಿತ್ತರು. ತಮ್ಮ ವಿಚಾರವನ್ನು ಅವರು ಪರರ ಮಕ್ಕಳಿಗಷ್ಟೇ ಹೇಳಲಿಲ್ಲ. ಮಗ ಉಲ್ಲಾಸ ಕಾರಂತರು ಬಾಲ್ಯದ ಮೊದಲ ವರ್ಷಗಳಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರು. ಹಕ್ಕಿಗಳನ್ನು ನೋಡುತ್ತ ಬೆಳೆದ ಆ ಹುಡುಗ ಇಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಕೊನೆಗೆ ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಗುರುತಿಸುವ ವಿಜ್ಞಾನಿಯಾದರು.

ಈ ಕತೆಯಲ್ಲಿ ನಾವು ಮರೆಯಬಾರದ ಹೆಸರು ಲೀಲಾ ಕಾರಂತರದು. ಬಂಟ ಸಮಾಜದ ಲೀಲಾ ಆಳ್ವ ಅವರು 1936ರ ಮೇ 6ರಂದು ಕಾರಂತರನ್ನು ಮದುವೆಯಾದಾಗ ಅದು ಆ ಕಾಲಕ್ಕೆ ದೊಡ್ಡ ಸುದ್ದಿಯಾದ ಅಂತರ್ಜಾತಿ ವಿವಾಹ. ಲೀಲಾ ಅವರು ಓದಿದ್ದು ಮರಾಠಿ ಮಾಧ್ಯಮದಲ್ಲಿ. ನಮ್ಮ ಮುಂಬಯಿಯ ಎಷ್ಟೋ ಹೆಣ್ಣುಮಕ್ಕಳ ಹಾಗೆ! ಮದುವೆಯ ನಂತರ ಕನ್ನಡವನ್ನು ಹೊಸದಾಗಿ ಕಲಿತು, ಹರಿ ನಾರಾಯಣ ಆಪಟೆಯವರ ‘ಪಣ್ ಲಕ್ಷಾತ್ ಕೋಣ್ ಘೇತೋ’ ಕಾದಂಬರಿಯನ್ನು ಕನ್ನಡಕ್ಕೆ ತಂದರು. ‘ಆದರೆ ಗಮನಿಸುವವರು ಯಾರು?’ ಎಂದು ಅದರ ಹೆಸರಿನ ಅರ್ಥ. ಕಾರಂತರ ನೃತ್ಯನಾಟಕಗಳಲ್ಲಿಯೂ ಪಾಲ್ಗೊಂಡರು. ಕಾರಂತರು ಊರೂರು ಸುತ್ತುವ ಮನುಷ್ಯ. ಮನೆಯೇ ಶಾಲೆಯಾದಾಗ ಆ ಮನೆಯನ್ನು ದಿನವೂ ನಡೆಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಆ ಕಾದಂಬರಿಯ ಹೆಸರೇ ಅವರ ಪರವಾಗಿಯೂ ಕೇಳುವಂತಿದೆ.

ಇಂದಿಗೂ ಈ ಮಾತು ಹಳತಾಗಿಲ್ಲ. 2016ರಲ್ಲಿ ಮುಂಬಯಿಯ 17ರ ಹುಡುಗಿಯೊಬ್ಬಳು ಹತ್ತನೆಯ, ಹನ್ನೆರಡನೆಯ ತರಗತಿಗಳ ಪ್ರಮಾಣಪತ್ರವಿಲ್ಲದೆ, ಅಂತಾರಾಷ್ಟ್ರೀಯ ಒಲಿಂಪಿಯಾಡಿನ ಪದಕಗಳ ಬಲದಿಂದ ಅಮೆರಿಕದ ಎಂ.ಐ.ಟಿ.ಗೆ ಸೇರಿದಾಗ ಎಲ್ಲರೂ ಬೆರಗಾದರು. ಮನೆಯಲ್ಲಿ ಕಲಿಸಲೆಂದು ಅವಳ ತಾಯಿ ತನ್ನ ಉದ್ಯೋಗ ಬಿಟ್ಟಿದ್ದರು. ಮನೆಪಾಠಕ್ಕೆ ಶುಲ್ಕವಿಲ್ಲ ಎನ್ನುತ್ತೇವೆ. ಆ ಶುಲ್ಕವನ್ನು ಹೆಚ್ಚಾಗಿ ತಾಯಿಯೇ ತನ್ನ ಸಂಬಳ, ತನ್ನ ಸಮಯಗಳ ರೂಪದಲ್ಲಿ ಕಟ್ಟಿರುತ್ತಾಳೆ. ಗಂಡಹೆಂಡಿರಿಬ್ಬರೂ ಲೋಕಲ್ ಟ್ರೈನ್ ಹಿಡಿದು ದುಡಿಯಲು ಹೋಗುವ ಮನೆಗೆ ಈ ದಾರಿ ಸುಲಭವಲ್ಲ.

ಕಾನೂನಿನ ಮಾತೂ ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿಸಿದೆ. ಹೊರಗೆ ಕಲಿತವರಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ಪರೀಕ್ಷೆ ಬರೆಯುವ ಅವಕಾಶವಿದೆ. 2020ರ ಹೊಸ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ವಾರ್ಧಾದಲ್ಲಿ ಏಳು ವರ್ಷ ಎಂದದ್ದು ಇಲ್ಲಿ ಹತ್ತು ದಿನವಾಗಿದೆ!

ನನ್ನ ಅಭಿಪ್ರಾಯ ಇಷ್ಟೇ: ಕೈ ಮತ್ತು ಅಕ್ಷರಗಳನ್ನು ಬೇರೆ ಮಾಡಿದಾಗಲೆಲ್ಲ ಮಕ್ಕಳಿಗೆ ನಷ್ಟವಾಗಿದೆ. ಅವೆರಡನ್ನೂ ಕೂಡಿಸುವ ಭಾರ ಒಬ್ಬಳೇ ತಾಯಿಯ ಹೆಗಲಿಗೆ ಬಿದ್ದಾಗ ಅವಳಿಗೆ ನಷ್ಟವಾಗಿದೆ. ತಾರಾಬಾಯಿಯವರು ಅಂಗಳವನ್ನು ಆರಿಸಿಕೊಂಡದ್ದರಲ್ಲಿ ಇದಕ್ಕೊಂದು ಉತ್ತರವಿದೆ. ಅಂಗಳ ಎಲ್ಲರದು. ನಮ್ಮ ಸಂಘದ ಸಭಾಗೃಹವೇ ತಿಂಗಳಿಗೊಂದು ಭಾನುವಾರ ಅಂಥ ಅಂಗಳವಾಗಲಿ. ಧಾರವಾಡದ ಕಡೆಯ ಅತ್ತೆ ಎಳೆ ಎಣಿಸಿ ಕಸೂತಿ ಹಾಕುವುದನ್ನು ಕಲಿಸಲಿ. ಉಡುಪಿಯ ಅಜ್ಜಿ ಮಲ್ಲಿಗೆ ಕಟ್ಟುತ್ತ, ಚೆಂಡಿಗೆ 800 ಹೂವಾದರೆ ನಾಲ್ಕು ಚೆಂಡಿನ ಒಂದು ಅಟ್ಟೆಗೆ ಎಷ್ಟು ಹೂವೆಂದು ಕೇಳಲಿ. ಹೊಟೇಲಿನಲ್ಲಿ ದುಡಿದ ಮಾವಂದಿರು ದೋಸೆ ಹಿಟ್ಟಿನ ಅಳತೆ, ಬಾಯಿಲೆಕ್ಕ ಹೇಳಿಕೊಡಲಿ. ಮಕ್ಕಳು ಸೋಮವಾರ ಎಂದಿನಂತೆ ಶಾಲೆಗೆ ಹೋಗಲಿ. ಬೇಕಾದದ್ದು ಒಂದಿಷ್ಟು ಹಿರಿಯರು, ಒಂದಿಷ್ಟು ನೂಲು, ಹೂವು, ಹಿಟ್ಟು. ಇದರಲ್ಲಿ ಗಂಡಸರೂ ಪಾಲು ಹೊರಲಿ ಎಂದು ಮಹಿಳಾ ವಿಭಾಗದ ಪರವಾಗಿ ನಾನು ಮೊದಲೇ ಹೇಳಿಬಿಡುತ್ತೇನೆ.