ಹೊನ್ನಾವರದ ಊಟ, ದೂರದೇಶದ ನಾಲಿಗೆ

ಶರಾವತಿ ಕಡಲು ಸೇರುವಲ್ಲಿ ಮಾವಿನಕುರ್ವೆಯಂಥ ನಡುಗಡ್ಡೆಗಳಿವೆ, ದಂಡೆಯಲ್ಲಿ ಹೊನ್ನಾವರವಿದೆ. 1340ರ ದಶಕದಲ್ಲಿ ಈ ಬಂದರಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಇಲ್ಲಿನ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ತಾನು ಉಂಡದ್ದನ್ನೆಲ್ಲ ಆತ ಮುಂದೆ ತನ್ನ ಪ್ರವಾಸ ಕಥನದಲ್ಲಿ ಬರೆಸಿದ.

ತಾಮ್ರದ ಮೇಜು, ಅದರ ಮೇಲೆ ತಾಮ್ರದ ಹರಿವಾಣ. ರೇಷ್ಮೆಯುಟ್ಟ ದಾಸಿಯೊಬ್ಬಳು ಸೌಟಿನಿಂದ ಅನ್ನ ಬಡಿಸಿ ತುಪ್ಪ ಹಾಕುತ್ತಿದ್ದಳು. ನಂಜಿಕೊಳ್ಳಲು ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಬಳಿಕ ಕೋಳಿ, ಮೀನು, ತುಪ್ಪ-ಹಾಲಿನಲ್ಲಿ ಬೇಯಿಸಿದ ತರಕಾರಿ. ಪ್ರತಿಯೊಂದರ ಜೊತೆಗೂ ಮತ್ತೆ ಅನ್ನ. ಕೊನೆಗೆ ಮೊಸರು. ಅದು ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ. ಮಳೆಗಾಲದಲ್ಲಿ ತಣ್ಣೀರು ಒಗ್ಗದೆಂದು ಕುಡಿಯಲು ಬಿಸಿನೀರು.

ಇಷ್ಟೆಲ್ಲ ಉಪಚಾರವಿದ್ದರೂ ಆತನಿಗೆ ಒಂದು ಕೊರತೆ ಕಾಡಿತು: ರೊಟ್ಟಿ. ಇನ್ನೊಮ್ಮೆ ಬಂದಾಗ ಇದೇ ಆಸ್ಥಾನದಲ್ಲಿ ಹನ್ನೊಂದು ತಿಂಗಳು ಬರೀ ಅನ್ನ. ಮಲಬಾರ್, ಕೋರಮಂಡಲ, ಸಿಂಹಳ, ಮಾಲ್ದೀವ್‌ಗಳಲ್ಲೂ ಮೂರು ವರ್ಷ ಅದೇ ಆಗಿ, ಕೊನೆಗೆ ನೀರಿಲ್ಲದೆ ತುತ್ತು ಇಳಿಯದಾಯಿತಂತೆ.

ತಪ್ಪು ಆತಿಥ್ಯದ್ದಲ್ಲ. ಗೋಧಿ ಈ ಮಳೆನಾಡಿನ ಬೆಳೆಯೇ ಅಲ್ಲ. ಹೊಗಳಿಕೆ, ಗೊಣಗಾಟ ಎರಡನ್ನೂ ಮುಚ್ಚಿಡದ ಅತಿಥಿಯಿಂದಾಗಿ ಆರೂವರೆ ಶತಮಾನಗಳಿಗೂ ಹಿಂದಿನ ಕರಾವಳಿಯ ಊಟ ನಮಗೆ ತಿಳಿಯಿತು. ಬಡಿಸಿದ ದಾಸಿಯ ಹೆಸರನ್ನು ಮಾತ್ರ ಆತ ಹೇಳಲಿಲ್ಲ.