ಕಡಲಿಗೆ ಒಪ್ಪಿಸಿದ ಮನೆಸಾಮಾನು

ಗಲ್ಫ್ ಬಿಟ್ಟು ಊರಿಗೆ ಮರಳುವ ಸಂಸಾರ ಮೊದಲು ಹುಡುಕುವುದು ಕಾರ್ಗೋದವನನ್ನು. ಪಾತ್ರೆಪಗಡ, ಹೊಲಿಗೆ ಯಂತ್ರ, ಕಂಬಳಿ, ಮಕ್ಕಳ ಸೈಕಲ್ಲು ಎಲ್ಲವನ್ನೂ ಕಟ್ಟಿ, ಮೇಲೆ ಕಾರವಾರ, ಅಂಕೋಲಾ ಅಥವಾ ಭಟ್ಕಳದ ವಿಳಾಸ ಬರೆದು ಅವನ ಕೈಗೆ ಒಪ್ಪಿಸುತ್ತಾರೆ. ಪೆಟ್ಟಿಗೆಗಳು ಮುಂಬಯಿಯಂಥ ಕಂಟೇನರ್ ಬಂದರಿನಲ್ಲಿ ಇಳಿದು, ಲಾರಿಯೇರಿ ಮನೆ ಸೇರುತ್ತವೆ. ಸೇರದಿದ್ದಾಗ ಅಥವಾ ಒಡೆದು ನೆನೆದು ಸೇರಿದಾಗ ಯಾರನ್ನು ಕೇಳುವುದು? ದುಬೈಯವನು ಮುಂಬಯಿಯವನನ್ನು ತೋರಿಸುತ್ತಾನೆ, ಮುಂಬಯಿಯವನು ಹಡಗಿನ ಕಂಪನಿಯನ್ನು. ಹತ್ತಾರು ಮನೆಗಳ ಸಾಮಾನನ್ನು ಒಂದೇ ಕಂಟೇನರಿನಲ್ಲಿ ತುಂಬಿಸಿದವನು ಕಾರ್ಗೋದವನು. ಹಾಗಾಗಿ ಹಡಗಿನ ಕಂಪನಿ ಕೊಡುವ ಬಿಲ್ಲಿನಲ್ಲಿ ಇರುವುದು ಅವನ ಹೆಸರು, ನಿಮ್ಮದಲ್ಲ.

ಈ ಜಗಳ ನಮ್ಮ ಕರಾವಳಿಗೆ ಹೊಸದಲ್ಲ. ಮನೆಸಾಮಾನನ್ನು ಹಡಗಿಗೇರಿಸಿ ಕಳೆದುಕೊಂಡವರಲ್ಲಿ ಎಲ್ಲರಿಗಿಂತ ಪ್ರಸಿದ್ಧ ಇಬ್ನ್ ಬತೂತ. ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ 1342ರಲ್ಲಿ ದಿಲ್ಲಿಯಿಂದ ಚೀನಾಕ್ಕೆ ಹೊರಟ ಅವನು, ಅಂಕೋಲೆಯ ದಕ್ಷಿಣಕ್ಕಿರುವ ಹೊನ್ನಾವರವನ್ನು ಹಾದು ಕಲ್ಲಿಕೋಟೆ ತಲುಪಿದ. ಸುಲ್ತಾನನ ಕಾಣಿಕೆಗಳು ದೊಡ್ಡ ಜಂಕ್ ಹಡಗಿನಲ್ಲಿದ್ದವು. ಅದರಲ್ಲಿ ತನಗೆ ಸರಿಯಾದ ಕೋಣೆ ಸಿಗದೆ ತನ್ನ ಸಾಮಾನನ್ನೂ ಪರಿವಾರವನ್ನೂ ‘ಕಕಮ್’ ಎಂಬ ಸಣ್ಣ ಹಡಗಿಗೆ ಹಾಕಿಸಿ, ತಾನು ಜುಮಾ ನಮಾಝಿಗೆಂದು ದಡದಲ್ಲೇ ಉಳಿದ. ಬಿರುಗಾಳಿ ಎದ್ದಿತು. ಜಂಕ್ ದಡಕ್ಕೆ ಬಡಿದು ಚೂರಾಯಿತು. ಅದನ್ನು ಕಂಡ ಕಕಮಿನವರು ಹಾಯಿ ಬಿಚ್ಚಿ ಹೊರಟೇಬಿಟ್ಟರು. ಅವನ ಬಳಿ ಉಳಿದದ್ದು ಹತ್ತು ದೀನಾರು, ಮಲಗಲು ಹಾಸುತ್ತಿದ್ದ ಜಮಖಾನೆ.

ಆ ಹಡಗು ಕೊಲ್ಲಂಗೆ ಬಂದೇ ಬರುತ್ತದೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋಗಿ ಕಾದ, ಬರಲಿಲ್ಲ. ದಿಲ್ಲಿಗೆ ಮರಳಿದರೆ ಸುಲ್ತಾನನ ಸಿಟ್ಟು. ಕೊನೆಗೆ ಹೊನ್ನಾವರಕ್ಕೆ ಬಂದು ಸುಲ್ತಾನ್ ಜಮಾಲುದ್ದೀನನ ಆಶ್ರಯದಲ್ಲಿ ಮಸೀದಿಯಲ್ಲಿ ಕುಳಿತು ಕುರ್‌ಆನ್ ಓದುತ್ತ ದಿನ ಕಳೆದ. ಬಹುಕಾಲದ ಮೇಲೆ ಸುದ್ದಿ ಬಂತು: ಸುಮಾತ್ರದ ಅರಸ ಅವನ ದಾಸಿಯರನ್ನು ವಶಪಡಿಸಿಕೊಂಡಿದ್ದ, ಸಾಮಾನು ಕೈಕೈ ಸೇರಿ ಹಂಚಿಹೋಗಿತ್ತು, ಗರ್ಭಿಣಿಯಾಗಿದ್ದ ದಾಸಿ ತೀರಿಕೊಂಡಿದ್ದಳು. ಆ ಕಾಲದ ಲೆಕ್ಕದಲ್ಲಿ ಮನುಷ್ಯರೂ ಸಾಮಾನಿನ ಜೊತೆಗೇ ಸೇರುತ್ತಿದ್ದರು ಎಂಬುದು ಓದುವವರ ಎದೆಗೆ ಚುಚ್ಚುತ್ತದೆ.

ಅದೇ ಪ್ರಸಂಗದಲ್ಲಿ ಇಬ್ನ್ ಬತೂತ ಇನ್ನೊಂದು ಮಾತು ಬರೆಯುತ್ತಾನೆ. ಮಲಬಾರಿನಲ್ಲಿ ಒಡೆದ ಹಡಗಿನಿಂದ ಸಿಕ್ಕಿದ್ದೆಲ್ಲ ಅರಸನ ಖಜಾನೆಗೆ ಎಂಬುದು ರೂಢಿ. ಕಲ್ಲಿಕೋಟೆಯಲ್ಲಿ ಮಾತ್ರ ಅದು ಒಡೆಯರಿಗೇ ಸೇರುತ್ತದೆ. ದಡಕ್ಕೆ ಬಿದ್ದ ಸಾಮಾನನ್ನು ಜನ ದೋಚದಂತೆ ಸಾಮೂದಿರಿಯ ಆಳುಗಳು ಹೊಡೆದು ಓಡಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ನೂರು ವರ್ಷದ ಮೇಲೆ, 1442ರಲ್ಲಿ, ಅಬ್ದುರ್ರಝಾಕ್ ಕೂಡ ಇದನ್ನೇ ಕಂಡ: ಬೇರೆ ಬಂದರುಗಳಲ್ಲಿ ಗಾಳಿಗೆ ಸಿಕ್ಕು ಬಂದ ಹಡಗನ್ನು ‘ಗಾಳಿಯೇ ಕಳಿಸಿಕೊಟ್ಟಿತು’ ಎಂದು ದೋಚುತ್ತಾರೆ, ಕಲ್ಲಿಕೋಟೆಯಲ್ಲಿ ಹಾಗಿಲ್ಲ. ಸರಕಿಗೆ ಯಾರು ಹೊಣೆ ನಿಲ್ಲುತ್ತಾರೋ ಆ ಬಂದರಿಗೆ ವ್ಯಾಪಾರಿಗಳು ಬರುತ್ತಾರೆ. ಕಲ್ಲಿಕೋಟೆ ಬೆಳೆದದ್ದು ಬರಿಯ ಮೆಣಸಿನಿಂದ ಅಲ್ಲ.

ಹೊಣೆ ನಿಲ್ಲುವವರಿಗೆ ಆಗ ಹೆಸರುಗಳಿದ್ದವು. ಕೊಂಕಣದ ಚೌಲದಲ್ಲಿ ಮುಸ್ಲಿಮರ ವ್ಯಾಜ್ಯ ತೀರಿಸಲು ಅರಸನೇ ನೇಮಿಸಿದ ‘ಹುನರ್‌ಮನ್’ ಇದ್ದ. 916ರಲ್ಲಿ ಅಲ್ಲಿಗೆ ಬಂದ ಮಸ್ಊದಿ ಅವನನ್ನು ಹೆಸರಿಸಿ ಬರೆದಿದ್ದಾನೆ. ಏಡನ್ನಿನಲ್ಲಿ ‘ವಕೀಲುತ್ತುಜ್ಜಾರ್’, ಅಂದರೆ ದೂರದ ವರ್ತಕರ ಪರವಾಗಿ ನಿಲ್ಲುವವ, ಇದ್ದ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿಗೆ ಏಡನ್ನಿನ ಮದ್‌ಮೂನ್ ಅಂಥವನಾಗಿದ್ದ. ಕೈರೋದಲ್ಲಿ ಸಿಕ್ಕ ಅವರ ಪತ್ರಗಳಲ್ಲಿ ಮೆಣಸು, ಕಬ್ಬಿಣದ ಜೊತೆ ಮನೆಗೆ ಬೇಕಾದ ಚಾಪೆ, ಸಕ್ಕರೆ, ಕಾಗದವೂ ಇದೆ. ಯಾಲಕ್ಕಿಗೆ ಮುಂಗಡ ತೆಗೆದುಕೊಂಡು ಸರಕು ಕೊಡದ ಮಧ್ಯವರ್ತಿಯ ಕತೆಯೂ ಇದೆ. ನಷ್ಟ ಯಾರ ಪಾಲು ಎಂದು ಪತ್ರಗಳಲ್ಲೇ ಹಗ್ಗಜಗ್ಗಾಟ ನಡೆಯಿತು. ಜೈಲಿಲ್ಲ, ಕೋರ್ಟಿಲ್ಲ. ಅವನ ಹೆಸರು ಕೆಡಿಸುತ್ತೇವೆ ಎಂಬುದೇ ಅವರು ಒಡ್ಡಬಹುದಾಗಿದ್ದ ದೊಡ್ಡ ಬೆದರಿಕೆ.

ಫಿಕ್ಹ್ ಕೂಡ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಹಡಗಿನ ಬಾಡಿಗೆಯ ಬಗ್ಗೆಯೇ 10ನೇ ಶತಮಾನದ ಒಂದು ಅರಬಿ ಗ್ರಂಥವಿದೆ, ‘ಅಕ್‌ರಿಯತುಸ್ಸುಫುನ್’. ಸರಕು ಗುರಿ ಮುಟ್ಟಿದ ಮೇಲೆಯೇ ಬಾಡಿಗೆ ಎಂದು ಇಮಾಮ್ ಮಾಲಿಕರ ಮತ. ಮುಳುಗುವ ಹಡಗನ್ನು ಉಳಿಸಲು ಕೆಲವರ ಸರಕನ್ನು ನೀರಿಗೆಸೆದರೆ, ಉಳಿದ ಸರಕಿನ ಒಡೆಯರೂ ಆ ನಷ್ಟ ಹಂಚಿಕೊಳ್ಳಬೇಕು. ನಮ್ಮ ಕರಾವಳಿ ಶಾಫಿಈ ಮದ್‌ಹಬಿನದು, ಇವು ಮಾಲಿಕಿಗಳ ಮಾತು; ಆದರೂ ಹಡಗಿನಲ್ಲಿರುವವರ ಕಷ್ಟ ಒಂದೇ.

ಕಾರವಾರದಲ್ಲೇ ಈ ನಂಬಿಕೆಯ ಪರೀಕ್ಷೆ ನಡೆದದ್ದು 1665ರಲ್ಲಿ. ಶಿವಾಜಿಯ ಸೈನ್ಯ ಬರುತ್ತಿದೆ ಎಂಬ ಸುದ್ದಿಗೆ ಇಂಗ್ಲಿಷ್ ಕೋಠಿಯವರು ಕಂಪನಿಯ ಹಣವನ್ನೂ ಹೊತ್ತೊಯ್ಯಬಹುದಾದ ಸಾಮಾನನ್ನೂ ಬಂದರಿನಲ್ಲಿದ್ದ ಒಂದು ಸಣ್ಣ ಹಡಗಿಗೆ ಏರಿಸಿದರು. ಅದು ಮಸ್ಕತ್ತಿನ ಇಮಾಮನ ಹಡಗು. ಅದೇ ರಾತ್ರಿ ಬಿಜಾಪುರದ ಸರದಾರ ಶೇರ್‌ಖಾನ್ ಊರಿಗೆ ಬಂದು ರಕ್ಷಣೆಗೆ ನಿಂತ. ಕೊನೆಗೆ ಊರಿನ ವರ್ತಕರೆಲ್ಲ ಸೇರಿ ಕಾಣಿಕೆ ಒಪ್ಪಿಸಿದರು. ಇಂಗ್ಲಿಷರ ಪಾಲು 112 ಪೌಂಡು. ಕಷ್ಟಕಾಲದಲ್ಲಿ ಇಂಗ್ಲಿಷರ ಅಮಾನತ್ತಿಗೆ ಜಾಗ ಸಿಕ್ಕಿದ್ದು ಅರಬರ ಹಡಗಿನಲ್ಲಿ.

ಮುಂದೆ ಮನುಷ್ಯನ ಜಾಗಕ್ಕೆ ಕಾಗದ ಬಂತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹಡಗನ್ನೇ ತಡೆಹಿಡಿಯುವ ಅಧಿಕಾರ ಬ್ರಿಟಿಷರ ಕಾನೂನಿನಲ್ಲಿ ಕಲಕತ್ತಾ, ಮದ್ರಾಸು, ಮುಂಬಯಿ ಹೈಕೋರ್ಟುಗಳಿಗೆ ಮಾತ್ರ ಇತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಆ ಅಧಿಕಾರ ಜೊತೆಗೆ ಬರಲಿಲ್ಲ. ಕಾರವಾರದ ಪಕ್ಕದ ಮಾರ್ಮಗೋವಾದಲ್ಲಿ ಸರಕು ತುಂಬಿಕೊಂಡ ‘ಎಲಿಸಬೆತ್’ ಹಡಗು ಬಿಲ್ಲನ್ನೇ ಕೊಡದೆ ಹೋದ ಮೊಕದ್ದಮೆಯಲ್ಲಿ, ಇತರ ಹೈಕೋರ್ಟುಗಳಿಗೂ ಈ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟು 1992ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನ ಹೆಸರು ಕಾನೂನಿನಲ್ಲಿ ಅಚ್ಚಾದದ್ದು 2017ರಲ್ಲಿ.

ಕಾವಲು ಇದ್ದರೂ ಕಡಲಿನ ದಾರಿಯಲ್ಲಿ ಸರಕು ಹೋಗುವುದು ನಿಂತಿಲ್ಲ ಎನ್ನಲು ಅಂಕೋಲೆಯ ಬೇಲೆಕೇರಿ ಸಾಕು. 2010ರಲ್ಲಿ ಸರಕಾರವೇ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಅಲ್ಲಿಂದಲೇ ಹಡಗೇರಿ ಹೋಯಿತು.

ಹತ್ತು ಪೆಟ್ಟಿಗೆ ಪಾತ್ರೆಯ ಒಡೆಯನಿಗೆ ಹಡಗು ತಡೆಯುವ ಹಕ್ಕು ಕೈಗೆಟುಕದ್ದು. 1925ರ ಸಮುದ್ರ ಸಾಗಣೆ ಕಾನೂನಾಗಲಿ, ಅದರ ಬದಲಿಗೆ ಬಂದ 2025ರದ್ದಾಗಲಿ ಭಾರತದ ಬಂದರಿನಿಂದ ಹೊರಡುವ ಸರಕಿನದು; ದುಬೈಯಿಂದ ಬರುವ ಪೆಟ್ಟಿಗೆಗೆ ಬಿಲ್ಲಿನ ಹಿಂಬದಿಯ ಸಣ್ಣಕ್ಷರವೇ ಆಧಾರ. ಆ ಸಣ್ಣಕ್ಷರ ಸಾಮಾನ್ಯವಾಗಿ ಹೇಗ್ ನಿಯಮಗಳದು: ಹೊರಗೆ ಕಾಣದ ಹಾನಿಯನ್ನು ಮೂರು ದಿನದೊಳಗೆ ಬರೆದು ತಿಳಿಸಬೇಕು, ದಾವೆ ಹೂಡಲು ಒಂದು ವರ್ಷ. ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿ ಮುಂದಿನ ಮದುವೆಗೆ ಬಿಚ್ಚುವ ನಮ್ಮ ಮನೆಗಳಲ್ಲಿ ಮೂರು ದಿನ ಅಂದರೆ ಎಷ್ಟು! 2019ರ ಗ್ರಾಹಕ ರಕ್ಷಣಾ ಕಾನೂನಿನಂತೆ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಕೋಲೆಯವನಿಗೆ ಕಾರವಾರದ ಗ್ರಾಹಕ ಆಯೋಗವಿದೆ. ಆದರೆ ಅಲ್ಲಿನ ಆದೇಶ ದುಬೈಯವನಿಗೆ ನಾಟುವುದು ಕಷ್ಟ. ಸಾಮಾನು ಒಪ್ಪಿಸುವ ದಿನವೇ ರಸೀದಿಯಲ್ಲಿ ಭಾರತದ ಏಜೆಂಟನ ಹೆಸರು, ವಿಳಾಸ, ಒಂದೊಂದು ಪೆಟ್ಟಿಗೆಯಲ್ಲೂ ಏನೇನಿದೆ ಎಂಬ ಪಟ್ಟಿ ಬರೆಸಿಕೊಂಡಿದ್ದರೆ ಮಾತ್ರ ಆಯೋಗ ನೋಟೀಸು ಕಳಿಸಲು ಇಲ್ಲೇ ಒಬ್ಬ ಮನುಷ್ಯ ಸಿಗುತ್ತಾನೆ.